ಪೇಟೆ ಶಾಲೆ, ದಂಡಿನ ಶಾಲೆ, ಹೋಬಳಿ ಶಾಲೆ

1949ರ ಡಿಸೆಂಬರ್ 8ರಂದು ಬೆಂಗಳೂರಿನ ಎರಡು ಮುನಿಸಿಪಾಲಿಟಿಗಳು ಸೇರಿ ಒಂದು ಕಾರ್ಪೊರೇಷನ್ ಆದವು. 1862ರಿಂದ ಪೇಟೆಗೊಂದು, ಇಂಗ್ಲಿಷರ ದಂಡಿಗೊಂದು ಎಂದು ಬೇರೆ ಬೇರೆ ಲೆಕ್ಕ ಇಟ್ಟುಕೊಂಡು ಬಂದಿದ್ದ ಊರು ಅದು. ಒಂದು ಕಾಯಿದೆಯಿಂದ ಕಂದಾಯ, ನೀರು, ಚರಂಡಿ, ಬೀದಿದೀಪ ಎಲ್ಲಕ್ಕೂ ಒಬ್ಬನೇ ಯಜಮಾನ ಸಿಕ್ಕಿದ. ಮಾರನೆಯ ದಿನ ಶಾಲೆಗೆ ಹೊರಟ ಮಕ್ಕಳಿಗೆ ಮಾತ್ರ ಇದರಿಂದ ಏನೂ ಆಗಲಿಲ್ಲ. ಮಲ್ಲೇಶ್ವರದ ಹುಡುಗ ಮೈಸೂರು ಸೀಮೆಯ ಪಾಠ ಓದಿದ, ಫ್ರೇಜರ್ ಟೌನಿನ ಹುಡುಗ ಮದ್ರಾಸಿನ ಜಾಡಿನ ಪಾಠ ಓದಿದ. ಯಲಹಂಕದ ಹುಡುಗ ಈ ಎರಡೂ ಊರುಗಳಿಗೆ ಸೇರದವನು, ಅವನು ಹೋಬಳಿ ಶಾಲೆಯಲ್ಲಿದ್ದ.

ನೆರೆಹೊರೆಯ ಆಡಳಿತಗಳನ್ನು ಕೂಡಿಸಬೇಕೆ ಬೇಡವೆ ಎಂಬ ಚರ್ಚೆ ಬೆಂಗಳೂರಿಗೆ ಹಳೆಯದು. 1949ರಲ್ಲಿ, 1956ರಲ್ಲಿ, 2007ರಲ್ಲಿ ಅದು ನಡೆಯಿತು, 2025ರಲ್ಲಿ ತಿರುವುಮುರುವಾಗಿ ನಡೆಯಿತು. ಪ್ರತಿ ಸಲವೂ ಗಡಿಯ ಮಾತು ಮುಗಿದ ಎಷ್ಟೋ ಕಾಲದ ಮೇಲೆ ಶಾಲೆಯ ಮಾತು ಬಂತು. ಗಡಿ ಕೂಡಿಸಲು ಒಂದು ಗೆಜೆಟ್ ಅಧಿಸೂಚನೆ ಸಾಕು. ಶಾಲೆ ಕೂಡಿಸಲು ಪರೀಕ್ಷೆ ಒಂದಾಗಬೇಕು, ಮೇಷ್ಟ್ರುಗಳ ಸೇವಾ ಪುಸ್ತಕ ಒಂದೇ ಕಚೇರಿಗೆ ಬರಬೇಕು, ಯಾವ ಭಾಷೆಯಲ್ಲಿ ಪಾಠ ಎಂಬುದಕ್ಕೆ ಉತ್ತರ ಹೇಳಬೇಕು. ಉತ್ತರ ಬೆಂಗಳೂರಿನಲ್ಲಿ ಈ ಕಥೆ ಬೇರೆಲ್ಲಕ್ಕಿಂತ ಢಾಳಾಗಿ ಕಾಣುತ್ತದೆ. ಮೂರು ಬಗೆಯ ಶಾಲಾ ಸೀಮೆಗಳು ಒಂದನ್ನೊಂದು ತಾಗುವುದು ಇಲ್ಲಿಯೇ.

ಹೋಬಳಿ ಶಾಲೆಯಿಂದ ಶುರು ಮಾಡೋಣ, ಏಕೆಂದರೆ ಈ ಕಡೆ ಸರ್ಕಾರದ ಪಾಠಶಾಲೆಗೆ ಒಂದು ಸೀಮೆ ಅಂತ ಗೆರೆ ಎಳೆದದ್ದೇ ಅಲ್ಲಿ. ಮೈಸೂರು ಸೀಮೆಯಲ್ಲಿ ವಿದ್ಯಾ ಇಲಾಖೆ ಹುಟ್ಟಿದ್ದು 1857ರಲ್ಲಿ. ಅದಕ್ಕೂ ಮುಂಚೆ ಊರೂರಲ್ಲಿ ಕೂಲಿಮಠಗಳಿದ್ದವು. ಐಗಳು ಮರಳಿನ ಮೇಲೆ ಅಕ್ಷರ ತಿದ್ದಿಸಿ, ಮಗ್ಗಿ, ಬಾಯಿಲೆಕ್ಕ, ಜೈಮಿನಿ ಭಾರತದ ಪದ್ಯಗಳನ್ನು ಉರು ಹೊಡೆಸಿ, ಊರವರು ಕೊಟ್ಟಷ್ಟು ಪಡೆದು ಬದುಕುತ್ತಿದ್ದರು. ಆ ಮಠಗಳಿಗೆ ಗಡಿ ಎಂಬುದಿರಲಿಲ್ಲ. ಐಗಳು ಸತ್ತರೆ ಮಠ ಮುಗಿಯಿತು, ಇನ್ನೊಬ್ಬರು ಬಂದರೆ ಮತ್ತೆ ತೆರೆಯಿತು.

ಬೆಂಜಮಿನ್ ಲೂಯಿಸ್ ರೈಸ್ ಅವರನ್ನು ನಾವು ಶಾಸನಗಳ ರೈಸ್ ಎಂದೇ ನೆನೆಯುತ್ತೇವೆ. ಅವರು ಹುಟ್ಟಿದ್ದು ಬೆಂಗಳೂರಿನಲ್ಲೇ, 1837ರಲ್ಲಿ, ಮಿಷನರಿಯ ಮಗನಾಗಿ. ಬೆಂಗಳೂರು ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿ ಸೇರಿ, ಆಮೇಲೆ ಶಾಲಾ ಇನ್ಸ್‌ಪೆಕ್ಟರ್ ಆಗಿ ಕುದುರೆಯ ಮೇಲೆ ಸೀಮೆ ಸುತ್ತಿದರು. ಕಲ್ಲಿನ ಬರಹಗಳು ಅವರ ಕಣ್ಣಿಗೆ ಬಿದ್ದದ್ದೂ ಶಾಲೆ ನೋಡಲು ಹೋದ ಆ ದಾರಿಗಳಲ್ಲೇ. 1868ರಲ್ಲಿ, ಬೌರಿಂಗ್ ಮೈಸೂರಿನ ಕಮಿಷನರ್ ಆಗಿದ್ದ ಕಾಲದಲ್ಲಿ, ರೈಸ್ ಇಟ್ಟ ಯೋಜನೆ ಸರಳವಾಗಿತ್ತು: ಒಂದು ಹೋಬಳಿಗೆ ಒಂದು ಸರ್ಕಾರಿ ಕನ್ನಡ ಶಾಲೆ. ಕಂದಾಯ ವಸೂಲಿಗೆಂದು ಇದ್ದ ಗೆರೆಯನ್ನೇ ಅವರು ವಿದ್ಯೆಗೂ ಎರವಲು ಪಡೆದರು. ಹಳೆಯ ಮಠಗಳ ಮೇಷ್ಟ್ರುಗಳನ್ನೇ ಆರಿಸಿ ನಾರ್ಮಲ್ ಸ್ಕೂಲಿಗೆ ಕಳಿಸಿ ತಿದ್ದಿ ತರುವ ಆಲೋಚನೆಯೂ ಅದರೊಳಗಿತ್ತು.

ಬೆಂಗಳೂರಿನ ಬಡಗಣ ಸೀಮೆ ಹೀಗೆ ಹೋಬಳಿಗಳ ಲೆಕ್ಕಕ್ಕೆ ಬಂತು: ಯಲಹಂಕ, ಜಾಲ, ಹೆಸರಘಟ್ಟ, ಯಶವಂತಪುರ. ಇವತ್ತಿಗೂ ಪಹಣಿಯಲ್ಲಿ ಈ ಹೆಸರುಗಳು ಹಾಗೇ ಇವೆ. ಯಲಹಂಕ ಕೆಂಪೇಗೌಡರ ಮನೆತನದ ಮೂಲ ನೆಲೆ, ಬೆಂಗಳೂರಿಗಿಂತ ಹಿರಿಯದು. ಆದರೆ ಹತ್ತೊಂಬತ್ತನೆಯ ಶತಮಾನದ ವಿದ್ಯಾ ಇಲಾಖೆಯ ಕಡತದಲ್ಲಿ ಅದೂ ಒಂದು ಹೋಬಳಿ, ಅಷ್ಟೇ. ಹೆಬ್ಬಾಳ ಕೆರೆಯ ಊರು. 1913ರಲ್ಲಿ ಲೆಸ್ಲಿ ಕೋಲ್ಮನ್ ಅಲ್ಲಿ ಕೃಷಿ ಶಾಲೆ ತೆರೆದ ಮೇಲೆ ಅದಕ್ಕೆ ಬೇರೊಂದು ಬಗೆಯ ವಿದ್ಯೆ ಬಂತು. ರೈತರ ಮಕ್ಕಳಿಗೆ ಬೇಸಾಯ ಕಲಿಸುವ ಆ ಶಾಲೆಯೇ 1946ರಲ್ಲಿ ಕೃಷಿ ಕಾಲೇಜಾಯಿತು, 1964ರಲ್ಲಿ ಕೃಷಿ ವಿಶ್ವವಿದ್ಯಾಲಯದ ಬೇರಾಯಿತು. ಇವತ್ತಿನ ಆರ್.ಟಿ. ನಗರ ಅಂದು ಇರಲೇ ಇಲ್ಲ. ಅಲ್ಲಿದ್ದದ್ದು ಮಠದಹಳ್ಳಿ ಮತ್ತು ಹೊಲಗಳು.

ಆ ಹೊಲಗಳ ದಕ್ಷಿಣಕ್ಕೆ ಸ್ವಲ್ಪ ನಡೆದರೆ ಬೇರೆ ರಾಜ್ಯ. 1809ರಲ್ಲಿ ಶ್ರೀರಂಗಪಟ್ಟಣದಿಂದ ಬಂದು ಬೀಡುಬಿಟ್ಟ ಇಂಗ್ಲಿಷ್ ದಂಡು, 1881ರಲ್ಲಿ ಮೈಸೂರು ಒಡೆಯರ ಕೈಗೆ ಮರಳಿದಾಗಲೂ ಸುಮಾರು 13 ಚದರ ಮೈಲಿ ಜಾಗವನ್ನು ತನ್ನಲ್ಲೇ ಉಳಿಸಿಕೊಂಡಿತು. ಹೆಸರು ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್. ಅಲ್ಲಿ ನಡೆದದ್ದು ಬ್ರಿಟಿಷ್ ರೆಸಿಡೆಂಟರ ಮಾತು. ಮೈಸೂರಿನ ಕಾಯಿದೆ ಅಲ್ಲಿ ತಾನಾಗಿ ಜಾರಿಗೆ ಬರುವಂತಿರಲಿಲ್ಲ. ಪ್ಲೇಗು ಬಂದು ಹೋದ ಮೇಲೆ ಪೇಟೆಯವರು ಮಲ್ಲೇಶ್ವರ, ಬಸವನಗುಡಿ ಕಟ್ಟಿದಂತೆ ದಂಡಿನವರು ಫ್ರೇಜರ್ ಟೌನ್, ರಿಚರ್ಡ್ಸ್ ಟೌನ್ ಕಟ್ಟಿದರು.

ದಂಡಿನ ಶಾಲೆಗಳಲ್ಲೇ ಎರಡು ಬಗೆ ಇದ್ದವು. ಒಂದು, ಯುರೋಪಿಯನ್ನರ ಮತ್ತು ಆಂಗ್ಲೋ ಇಂಡಿಯನ್ನರ ಮಕ್ಕಳ ಶಾಲೆ. 1858ರ ಸೇಂಟ್ ಜೋಸೆಫ್, 1865ರ ಬಿಷಪ್ ಕಾಟನ್ ಆ ಸಾಲಿನವು. ಅವರ ಕಣ್ಣು ಇದ್ದದ್ದು ಕೇಂಬ್ರಿಜ್ ಪರೀಕ್ಷೆಯ ಮೇಲೆ. ಇನ್ನೊಂದು, ದಂಡಿಗೆ ಸಾಮಾನು ಪೂರೈಸುತ್ತ, ಕಟ್ಟಡ ಕಟ್ಟುತ್ತ, ಅಡುಗೆ ಮಾಡುತ್ತ ನೆಲೆನಿಂತ ತಮಿಳರ, ಉರ್ದು ಮಾತಿನವರ, ತೆಲುಗರ ಮಕ್ಕಳ ಶಾಲೆ. ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರ್ 1873ರಲ್ಲಿ ತೆರೆದ ಉಚಿತ ಶಾಲೆಯಿಂದ ಬೆಳೆದ ಆರ್.ಬಿ.ಎ.ಎನ್.ಎಂ. ಸಂಸ್ಥೆಗಳು ಈ ಸಾಲಿನಲ್ಲಿ ದೊಡ್ಡ ಹೆಸರು. ದಂಡಿನಲ್ಲಿ ಕನ್ನಡ ಅಲ್ಪಸಂಖ್ಯಾತರ ಮಾತಾಗಿತ್ತು. ಇದನ್ನು ಮರೆತು 1949ರ ಒಗ್ಗೂಡಿಕೆಯನ್ನು ಬರೀ ಆಡಳಿತ ಸುಧಾರಣೆ ಎಂದು ಓದುವವರಿಗೆ ಆಮೇಲಿನ ಅರವತ್ತು ಎಪ್ಪತ್ತು ವರ್ಷಗಳ ಬೆಂಗಳೂರು ಅರ್ಥವಾಗುವುದಿಲ್ಲ.

ಒಂದು ಸೋಜಿಗವಿದೆ. ಮೊದಲಿಗೆ ಎರಡೂ ಊರುಗಳ ಪರೀಕ್ಷೆ ಒಂದೇ ದಿಕ್ಕಿಗೆ ನೋಡುತ್ತಿತ್ತು. ಸೆಂಟ್ರಲ್ ಕಾಲೇಜು ಮದ್ರಾಸು ವಿಶ್ವವಿದ್ಯಾಲಯಕ್ಕೆ ಸೇರಿತ್ತು, ಕಾಲೇಜು ಮೆಟ್ಟಿಲು ಹತ್ತಬೇಕಾದ ಪೇಟೆಯ ಹುಡುಗನೂ ಮದ್ರಾಸಿನ ಮೆಟ್ರಿಕ್ ದಾಟಬೇಕಿತ್ತು. 1916ರಲ್ಲಿ ಮೈಸೂರು ತನ್ನದೇ ವಿಶ್ವವಿದ್ಯಾಲಯ ಕಟ್ಟಿಕೊಂಡಿತು, ದೇಶೀ ಸಂಸ್ಥಾನವೊಂದರಲ್ಲಿ ಮೊದಲನೆಯದು. ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ಆ ಹೆಜ್ಜೆಯೇ ಪೇಟೆ ಮತ್ತು ದಂಡಿನ ಹುಡುಗರ ದಾರಿಗಳನ್ನು ಕವಲೊಡೆಸಿತು. ಪೇಟೆ ಮೈಸೂರಿನ ಕಡೆ ತಿರುಗಿತು, ದಂಡು ಮದ್ರಾಸಿನ ಜಾಡಿನಲ್ಲೇ ಉಳಿಯಿತು.

ಈ ನಡುವೆ ಮೈಸೂರು ಸೀಮೆಯೊಳಗೇ ಇನ್ನೊಂದು ಜಗ್ಗಾಟ ನಡೆದಿತ್ತು: ಪ್ರೈಮರಿ ಶಾಲೆ ಯಾರ ಸ್ವತ್ತು? ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ, ಆಯ್ದ ಊರುಗಳಲ್ಲಿ ಕಡ್ಡಾಯ ಶಿಕ್ಷಣದ ರೆಗ್ಯುಲೇಷನ್ ಬಂತು. ಅವರ ಆರು ವರ್ಷಗಳಲ್ಲಿ ಶಾಲೆಗಳ ಸಂಖ್ಯೆ ಸುಮಾರು 4,500ರಿಂದ 10,500ಕ್ಕೆ ಏರಿತು ಎಂಬುದು ಆ ಕಾಲದ ಲೆಕ್ಕ. ಇಷ್ಟು ಶಾಲೆಗಳನ್ನು ಬೆಂಗಳೂರಿನ ಒಂದು ಕಚೇರಿಯಿಂದ ಸಾಕುವುದು ಹೇಗೆ? ಮಿರ್ಜಾ ಇಸ್ಮಾಯಿಲ್ ದಿವಾನಗಿರಿಯಲ್ಲಿ, 1930ರ ರೆಗ್ಯುಲೇಷನ್ ಇದಕ್ಕೆ ಉತ್ತರ ಕೊಟ್ಟಿತು: ಪ್ರೈಮರಿ ಶಾಲೆಗಳು ಸ್ಥಳೀಯ ಸಂಸ್ಥೆಗಳ ಕೈಗೆ. ಸರ್ಕಾರ ಅನುದಾನ ಕೊಡುತ್ತದೆ, ಊರಿನವರು ಆಡಳಿತ ನೋಡಿಕೊಳ್ಳಬೇಕು. ಅಮೆರಿಕದಲ್ಲಿ ಶಾಲಾ ಜಿಲ್ಲೆ ಎಂದು ಕರೆಯುವ ಏರ್ಪಾಡಿಗೆ ನಮ್ಮ ಸೀಮೆ ಅತ್ಯಂತ ಹತ್ತಿರ ಬಂದದ್ದು ಈ ಹನ್ನೊಂದು ವರ್ಷಗಳಲ್ಲಿ ಮಾತ್ರ.

ಅಲ್ಲಿನ ಶಾಲಾ ಜಿಲ್ಲೆಯ ಹಣದಲ್ಲಿ ದೊಡ್ಡ ಪಾಲು ತನ್ನ ಊರಿನ ಮನೆ ಜಮೀನಿನ ತೆರಿಗೆಯಿಂದ ಬರುತ್ತದೆ. ಆದ್ದರಿಂದ ಪಕ್ಕದ ಜಿಲ್ಲೆಯೊಂದಿಗೆ ಸೇರುವ ಮಾತು ಬಂದರೆ ಜನ ಸಭೆ ಸೇರಿ ಜಗಳವಾಡುತ್ತಾರೆ. ನಮ್ಮಲ್ಲಿ ಜಗಳವೂ ಆಗಲಿಲ್ಲ, ಹಣವೂ ಇರಲಿಲ್ಲ. ಜಗತ್ತಿನ ಬೆಲೆಗಳೆಲ್ಲ ಕುಸಿದಿದ್ದ ಮೂವತ್ತರ ದಶಕದಲ್ಲಿ ರಾಗಿ ಮಾರಿ ಕಂದಾಯ ಕಟ್ಟಲು ಪರದಾಡುತ್ತಿದ್ದ ರೈತನಿಂದ ಶಾಲೆಗೆಂದು ಇನ್ನೊಂದು ಪಟ್ಟಿ ಎತ್ತುವುದು ಆಗದ ಮಾತು. ಹೊಣೆಯನ್ನು ಕೆಳಕ್ಕೆ ಇಳಿಸಿ ಬೊಕ್ಕಸವನ್ನು ಮೇಲೆಯೇ ಇಟ್ಟುಕೊಂಡ ಯಾವ ವಿಕೇಂದ್ರೀಕರಣವೂ ನಿಂತ ಉದಾಹರಣೆ ನನಗೆ ಗೊತ್ತಿಲ್ಲ. 1941ರ ಕಾಯಿದೆ ಪ್ರೈಮರಿ ಶಾಲೆಗಳನ್ನು ಸರ್ಕಾರಕ್ಕೇ ವಾಪಸು ತಂದಿತು. ಮೇಷ್ಟ್ರುಗಳು ಸರ್ಕಾರಿ ನೌಕರರಾದರು. ಸಂಬಳದ ಮಟ್ಟಿಗೆ ಇದು ಒಳ್ಳೆಯ ತೀರ್ಮಾನ ಎಂದೇ ನನ್ನ ಅನಿಸಿಕೆ. ಊರಿನ ಶಾಲೆಯ ಬಗ್ಗೆ ಊರಿನವರು ಕಾಯಿದೆ ಪ್ರಕಾರ ಒಂದು ಮಾತಾಡುವ ಜಾಗ ಕೂಡ ಆಗಲೇ ಹೋಯಿತು. ಅದು ಬೇರೆ ರೂಪದಲ್ಲಿ ಮರಳಲು 2001 ಬರಬೇಕಾಯಿತು. ರಾಜಾ ರಾಮಣ್ಣ ಅಧ್ಯಕ್ಷತೆಯ ಕಾರ್ಯಪಡೆಯ ಶಿಫಾರಸಿನ ಮೇಲೆ ಪೋಷಕರೇ ಇರುವ ಶಾಲಾಭಿವೃದ್ಧಿ ಸಮಿತಿಗಳು, ಅಂದರೆ ಎಸ್‌ಡಿಎಂಸಿಗಳು ಆ ವರ್ಷ ರಚನೆಯಾದವು.

1941ರ ಕಾಯಿದೆ ದಂಡಿಗೆ ಅನ್ವಯಿಸಲಿಲ್ಲ, ಅನ್ವಯಿಸುವಂತೆಯೂ ಇರಲಿಲ್ಲ. ಆ ವರ್ಷದ ಜನಗಣತಿಯಲ್ಲಿ ಪೇಟೆಯ ಕಡೆ ಸುಮಾರು 2,48,000 ಜನ, ದಂಡಿನ ಕಡೆ ಸುಮಾರು 1,58,000. ಕಬ್ಬನ್ ಪಾರ್ಕಿನ ಆಚೆ ಈಚೆ ಬೇರೆ ಬೇರೆ ಕಾಯಿದೆ. ಒಂದೇ ಊರು ಎಂದು ಬೆಂಗಳೂರನ್ನು ಕರೆಯುತ್ತಿದ್ದದ್ದು ಭೂಪಟ ನೋಡುವವರು ಮಾತ್ರ. ರೈಲಿನವರೂ ಸಿಟಿ ಬೇರೆ, ಕಂಟೋನ್ಮೆಂಟ್ ಬೇರೆ ಎಂದು ಎರಡು ಸ್ಟೇಷನ್ ಇಟ್ಟಿದ್ದರು.

1947ರ ಜುಲೈ 26ರಂದು, ಸ್ವಾತಂತ್ರ್ಯಕ್ಕೆ ಮೂರು ವಾರ ಮುಂಚೆ, ದಂಡು ಮೈಸೂರಿಗೆ ಮರಳಿತು. ಆ ವರ್ಷದ ಶರತ್ಕಾಲದಲ್ಲಿ ಮೈಸೂರು ಚಲೋ ನಡೆದು ಕೆ.ಸಿ. ರೆಡ್ಡಿ ಮೊದಲ ಮುಖ್ಯಮಂತ್ರಿಯಾದರು. ಹೊಸ ಸರ್ಕಾರದ ಮುಂದೆ ರಾಶಿ ಬಿದ್ದ ಕೆಲಸಗಳಲ್ಲಿ ಎರಡು ಮುನಿಸಿಪಾಲಿಟಿಗಳನ್ನು ಕೂಡಿಸುವುದೂ ಒಂದು. ಸಾಲ ಯಾರದು, ಆಸ್ತಿ ಯಾರದು, ಸುಂಕದ ದರ ಯಾವುದು, ನೌಕರರ ಹಿರಿತನ ಹೇಗೆ? ಅಧಿಕಾರಿಗಳ ಮೇಜಿನ ಮೇಲಿದ್ದ ಪ್ರಶ್ನೆಗಳು ಇಂಥವು. ಕೂಡಿಸುವ ವಾದ ಬಲವಾಗಿತ್ತು. ಒಂದೇ ನೀರಿನ ಕೊಳವೆ ಎರಡು ಊರಿಗೂ ನೀರು ಕೊಡುತ್ತಿರುವಾಗ ಎರಡು ಆಡಳಿತ ದಂಡವೇ ಸರಿ. ದಂಡಿನ ನಿವಾಸಿಗಳ ಹಿಂಜರಿಕೆಯೂ ಸುಳ್ಳಲ್ಲ. ಅಗಲ ಬೀದಿ, ಹಸನಾದ ಚರಂಡಿ, ತಮಗೆ ಬೇಕಾದ ಭಾಷೆಯ ಶಾಲೆ ಇವೆಲ್ಲ ದೊಡ್ಡ ಊರಿನ ಹೊಟ್ಟೆಯಲ್ಲಿ ಕರಗಿಹೋದರೆ ಎಂಬ ಅಳುಕು ಅದು. ಕಾರ್ಪೊರೇಷನ್ ಕಾಯಿದೆ ಆ ಅಳುಕಿಗೆ ಉತ್ತರ ಹೇಳಲಿಲ್ಲ. ಅದು ಅದರ ಕೆಲಸವೂ ಆಗಿರಲಿಲ್ಲ. ಶಾಲೆಗಳ ಮೇಲಿನ ತಪಾಸಣೆ ಮೈಸೂರಿನ ವಿದ್ಯಾ ಇಲಾಖೆಗೆ ಬಂತು, ಶಾಲೆಗಳು ಮಾತ್ರ ಇದ್ದಲ್ಲೇ ಇದ್ದವು.

ಪರೀಕ್ಷೆ ಒಂದಾಗಲು ಇನ್ನೂ ದೊಡ್ಡದೊಂದು ಒಗ್ಗೂಡಿಕೆ ಬೇಕಾಯಿತು. 1956ರ ನವೆಂಬರ್ 1ರಂದು ಐದು ಆಡಳಿತಗಳ ಕನ್ನಡ ಸೀಮೆಗಳು ಒಂದಾದಾಗ ವಿದ್ಯಾ ಇಲಾಖೆಯ ಪಾಲಿಗೆ ಅದು ಹಬ್ಬವೇನೂ ಆಗಿರಲಿಲ್ಲ. ಹಳೆ ಮೈಸೂರಿನಲ್ಲಿ ನಾಲ್ಕು ವರ್ಷ ಪ್ರೈಮರಿ, ನಾಲ್ಕು ವರ್ಷ ಮಿಡ್ಲ್ ಸ್ಕೂಲ್, ಆಮೇಲೆ ಹೈಸ್ಕೂಲು. ಎಲ್.ಎಸ್. (ಲೋಯರ್ ಸೆಕೆಂಡರಿ) ಪಾಸಾದವನಿಗೆ ಊರಲ್ಲಿ ಗೌರವ. ಧಾರವಾಡ, ಬೆಳಗಾವಿ, ವಿಜಾಪುರದ ಕಡೆ ಮುಂಬಯಿಯ ಪದ್ಧತಿ, ಏಳನೆಯ ಇಯತ್ತೆಗೆ ಮುಲ್ಕಿ ಪರೀಕ್ಷೆ. ಮುಲ್ಕಿ ಪಾಸಾದವನು ಮಾಸ್ತರನೂ ಆಗಬಹುದಿತ್ತು, ತಲಾಠಿಯೂ ಆಗಬಹುದಿತ್ತು. ಮಂಗಳೂರು, ಉಡುಪಿಯ ಕಡೆ ಮದ್ರಾಸಿನ ಫಾರಂಗಳು. ಕೊಡಗೂ ಹೆಚ್ಚುಕಡಿಮೆ ಅದೇ ದಾರಿ. ಕಲಬುರ್ಗಿ, ಬೀದರ, ರಾಯಚೂರುಗಳಲ್ಲಿ 1948ರವರೆಗೂ ಮೇಲಿನ ಶಿಕ್ಷಣ ಉರ್ದುವಿನಲ್ಲಿ ನಡೆದಿತ್ತು, ಕನ್ನಡ ಬಲ್ಲ ಮೇಷ್ಟ್ರುಗಳೇ ಸಾಲದ ನಾಡು ಅದು. ಬೆಳಗಾವಿಯಿಂದ ವರ್ಗವಾಗಿ ಬೆಂಗಳೂರಿಗೆ ಬಂದ ಗುಮಾಸ್ತನೊಬ್ಬ ಮಗನನ್ನು ಯಾವ ಕ್ಲಾಸಿಗೆ ಸೇರಿಸಬೇಕು ಎಂಬುದೇ ಆಗ ದೊಡ್ಡ ತಲೆನೋವು.

ಶಿಕ್ಷಣ ಏಕೀಕರಣಕ್ಕೆಂದು ಸಲಹಾ ಸಮಿತಿ ಕೂತಿತು. ಅದರ ದಾರಿಯಲ್ಲಿ ಏಳು ವರ್ಷಗಳ ಪ್ರೈಮರಿ (ಕೆಳಗಿನ ನಾಲ್ಕು, ಮೇಲಿನ ಮೂರು), ಅದರ ಮೇಲೆ ಮೂರು ವರ್ಷಗಳ ಹೈಸ್ಕೂಲು ಎಂಬ ಅಚ್ಚು ಇಡೀ ರಾಜ್ಯಕ್ಕೆ ಬಂತು. ಇದು ಮೈಸೂರಿನ ಅಚ್ಚಲ್ಲ ಎಂಬುದನ್ನು ಗಮನಿಸಬೇಕು. ದೊಡ್ಡ ಊರು, ರಾಜಧಾನಿ, ವಿಶ್ವವಿದ್ಯಾಲಯ ಎಲ್ಲ ಇದ್ದ ಹಳೆ ಮೈಸೂರು ತನ್ನ ಮಿಡ್ಲ್ ಸ್ಕೂಲನ್ನು ಬಿಟ್ಟುಕೊಟ್ಟು ಉತ್ತರದವರ ಏಳನ್ನು ಒಪ್ಪಿಕೊಂಡಿತು. ದೊಡ್ಡವರು ಚಿಕ್ಕವರನ್ನು ನುಂಗುವುದೇ ಒಗ್ಗೂಡಿಕೆ ಎಂದು ತಿಳಿದವರಿಗೆ ಇದು ಒಳ್ಳೆಯ ಅಪವಾದ. ಏಳನೆಯ ತರಗತಿಯ ಪಬ್ಲಿಕ್ ಪರೀಕ್ಷೆಗೆ ಹೆದರಿ ಬೆಳೆದ ತಲೆಮಾರುಗಳೆಲ್ಲ, ಯಲಹಂಕದವರೂ ಸೇರಿ, ಒಂದು ಬಗೆಯಲ್ಲಿ ಮುಲ್ಕಿಯ ನೆರಳಲ್ಲೇ ಓದಿದವರು. ದೇಶದ ಶಿಕ್ಷಣ ಹಕ್ಕು ಕಾಯ್ದೆ (ಆರ್‌ಟಿಇ) ಎಂಟರವರೆಗೆ ಎಂದಾಗ ಕರ್ನಾಟಕ ಮತ್ತೆ ಎಂಟನೆಯ ತರಗತಿಯನ್ನು ಪ್ರೈಮರಿ ಶಾಲೆಗಳಿಗೆ ಸೇರಿಸಲು ಕೊಠಡಿ ಹುಡುಕಬೇಕಾಯಿತು. 1961ರಲ್ಲಿ ಇಡೀ ರಾಜ್ಯಕ್ಕೆ ಒಂದೇ ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾಯಿದೆ ಬಂತು, 1966ರಲ್ಲಿ ಎಸ್ಸೆಸ್ಸೆಲ್ಸಿಗೆ ಒಂದೇ ಪರೀಕ್ಷಾ ಮಂಡಳಿ.

ಹೀಗೆ ಪೇಟೆಯ ಹುಡುಗ, ದಂಡಿನ ಹುಡುಗ, ಯಲಹಂಕದ ಹುಡುಗ ಮೂವರಿಗೂ ಒಂದೇ ಪ್ರಶ್ನೆಪತ್ರಿಕೆ ಬಂತು. ಅಷ್ಟರಲ್ಲಿ ದಂಡಿನ ದೊಡ್ಡ ಶಾಲೆಗಳು ಬಾಗಿಲ ಹೊರಗೆ ಕಾಲಿಟ್ಟಿದ್ದವು. ಕೇಂಬ್ರಿಜ್ ಜಾಗಕ್ಕೆ 1958ರಲ್ಲಿ ದೆಹಲಿಯಲ್ಲಿ ಹುಟ್ಟಿದ ಮಂಡಳಿಯೇ ಮುಂದೆ ಐಸಿಎಸ್ಇ ಪರೀಕ್ಷೆ ನಡೆಸಿತು. ಉತ್ತರದ ಅಂಚಿನಲ್ಲೂ ಹೊಸ ಸೀಮೆಗಳು ಎದ್ದವು. ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್ಎಂಟಿ, 1954ರಲ್ಲಿ ಬಿಇಎಲ್ ಬಂದವು. ಅವುಗಳ ಜೊತೆಗೇ ಟೌನ್‌ಶಿಪ್ಪು, ಟೌನ್‌ಶಿಪ್ಪಿನೊಳಗೆ ಶಾಲೆ. ವಾಯುಪಡೆಯ ನೆಲೆಗಳ ಬದಿಗೆ ಕೇಂದ್ರೀಯ ವಿದ್ಯಾಲಯಗಳು ಬಂದವು, ಅವಕ್ಕೆ ಸಿಬಿಎಸ್ಇ. ಒಂದು ಪರೀಕ್ಷೆ ಆಯಿತು ಎನ್ನುವಷ್ಟರಲ್ಲಿ ಮೂರಾದವು.

ಭಾಷೆಯ ಗಂಟು ಇನ್ನೂ ಗಟ್ಟಿ. ದಂಡಿನ ತಮಿಳು, ಉರ್ದು ಮಾಧ್ಯಮದ ಶಾಲೆಗಳು, ಅವುಗಳಲ್ಲಿ ಕನ್ನಡದ ಜಾಗ, ಕನ್ನಡ ಚಳವಳಿಗಾರರ ಸಿಟ್ಟು, ಅಲ್ಪಸಂಖ್ಯಾತರ ಹಕ್ಕಿನ ವಾದ ಎಲ್ಲವೂ 1982ರ ಗೋಕಾಕ್ ಚಳವಳಿಯಲ್ಲಿ ಬೀದಿಗೆ ಬಂದವು. ಅದು ಪ್ರತ್ಯೇಕ ಲೇಖನಕ್ಕೇ ಆಗುವಷ್ಟು ದೊಡ್ಡ ವಿಷಯ. ಮೂವತ್ಮೂರು ವರ್ಷ ಮುಂಚೆ ಕಾರ್ಪೊರೇಷನ್ ಕಾಯಿದೆ ಮುಟ್ಟದೆ ಬಿಟ್ಟ ಪ್ರಶ್ನೆಯೇ ಅಲ್ಲಿ ಎದ್ದು ನಿಂತಿತ್ತು ಎಂದಷ್ಟು ಹೇಳಿ ಮುಂದಕ್ಕೆ ಹೋಗುತ್ತೇನೆ.

1986ರ ಆಗಸ್ಟ್ 15ರಂದು ಬೆಂಗಳೂರು ಜಿಲ್ಲೆ ನಗರ, ಗ್ರಾಮಾಂತರ ಎಂದು ಎರಡಾಯಿತು. 1987ರಲ್ಲಿ ನಜೀರ್ ಸಾಬರ ಕನಸಿನ ಜಿಲ್ಲಾ ಪರಿಷತ್ತುಗಳು ಬಂದು ಹಳ್ಳಿಯ ಪ್ರೈಮರಿ ಶಾಲೆಗಳು ಅವುಗಳ ಸುಪರ್ದಿಗೆ ಹೋದವು. 1930ರ ಯೋಚನೆಯೇ ಮರಳಿ ಬಂತು ಎನ್ನಬಹುದು, ಈ ಸಲ ಸಂಬಳ ಸರ್ಕಾರದ್ದೇ. ಆಡಳಿತದ ಅನುಕೂಲಕ್ಕೆ ಶಿಕ್ಷಣ ಇಲಾಖೆ ತನ್ನದೇ ನಕ್ಷೆ ಇಟ್ಟುಕೊಂಡಿತು. ಇವತ್ತು ಕರ್ನಾಟಕದಲ್ಲಿ ಕಂದಾಯ ಜಿಲ್ಲೆಗಳು 31, ಶೈಕ್ಷಣಿಕ ಜಿಲ್ಲೆಗಳು 35. ಮಧುಗಿರಿ, ಚಿಕ್ಕೋಡಿ, ಶಿರಸಿ ಹೆಚ್ಚುವರಿ. ಬೆಂಗಳೂರು ನಗರ ಜಿಲ್ಲೆಗೆ ಉತ್ತರ, ದಕ್ಷಿಣ ಎಂದು ಎರಡು. ಬೆಂಗಳೂರು ಉತ್ತರ ಶೈಕ್ಷಣಿಕ ಜಿಲ್ಲೆಯೊಳಗೆ ಮತ್ತೆ ವಲಯಗಳು, ವಲಯಕ್ಕೊಬ್ಬ ಕ್ಷೇತ್ರ ಶಿಕ್ಷಣಾಧಿಕಾರಿ, ಅಂದರೆ ಬಿಇಒ. ಯಲಹಂಕದ್ದು ಉತ್ತರ ವಲಯ 4.

ಇನ್ನು 2007. ಆ ವರ್ಷದ ಜನವರಿಯಲ್ಲಿ ಬೆಂಗಳೂರು ಮಹಾನಗರ ಪಾಲಿಕೆಗೆ ಸುತ್ತಲಿನ ಏಳು ನಗರಸಭೆಗಳು, ಕೆಂಗೇರಿ ಪುರಸಭೆ, 110 ಹಳ್ಳಿಗಳು ಸೇರಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ಆಯಿತು. ಏಳರಲ್ಲಿ ಉತ್ತರದವು ಯಲಹಂಕ, ಬ್ಯಾಟರಾಯನಪುರ, ದಾಸರಹಳ್ಳಿ. 226 ಚದರ ಕಿಲೋಮೀಟರ್ ಇದ್ದ ಪಾಲಿಕೆ ಒಂದೇ ಪೆಟ್ಟಿಗೆ 700 ದಾಟಿತು. ಆಗ ಚರ್ಚೆ ನಡೆದದ್ದು ರಸ್ತೆ, ಕಾವೇರಿ ನೀರು, ಖಾತೆ, ಅಭಿವೃದ್ಧಿ ಶುಲ್ಕದ ಬಗ್ಗೆ. ಹಳ್ಳಿಗಳು ನಗರಕ್ಕೆ ಸೇರಿದರೆ ಅಲ್ಲಿನ ಸರ್ಕಾರಿ ಶಾಲೆಗೆ ಏನಾಗುತ್ತದೆ ಎಂದು ಯಾರೂ ಗಂಟಲು ಹರಿದುಕೊಳ್ಳಲಿಲ್ಲ.

ಆದದ್ದು ಇಷ್ಟು. ಸಂವಿಧಾನದ 73ನೇ ತಿದ್ದುಪಡಿಯೊಂದಿಗೆ ಬಂದ ಹನ್ನೊಂದನೆಯ ಅನುಸೂಚಿ ಪಂಚಾಯತಿಗಳ ಕೆಲಸಗಳನ್ನು ಪಟ್ಟಿ ಮಾಡುತ್ತದೆ. ಅದರಲ್ಲಿ ಪ್ರಾಥಮಿಕ, ಪ್ರೌಢ ಶಾಲೆಗಳು ಸೇರಿದ ಶಿಕ್ಷಣ ಎಂದು ನೇರವಾಗಿ ಬರೆದಿದೆ. 74ನೇ ತಿದ್ದುಪಡಿಯ ಹನ್ನೆರಡನೆಯ ಅನುಸೂಚಿ ನಗರಗಳ ಕೆಲಸಗಳನ್ನು ಪಟ್ಟಿ ಮಾಡುತ್ತದೆ. ಅಲ್ಲಿ ಶಾಲೆ ಎಂಬುದೇ ಇಲ್ಲ, ಸಾಂಸ್ಕೃತಿಕ, ಶೈಕ್ಷಣಿಕ, ಸೌಂದರ್ಯದ ಅಂಶಗಳ ಉತ್ತೇಜನ ಎಂಬ ತೇಲಿದ ಸಾಲೊಂದಿದೆ. ಅಂದರೆ 2007ರ ಜನವರಿಯಲ್ಲಿ ಬೆಂಗಳೂರಿನ ಸುತ್ತಲ ಹಳ್ಳಿಗಳು ಶಾಲೆಯ ಹೊಣೆ ಬರೆದಿದ್ದ ಪಟ್ಟಿಯಿಂದ ಬರೆಯದೆ ಬಿಟ್ಟ ಪಟ್ಟಿಗೆ ಜಾರಿದವು. ಗ್ರಾಮ ಪಂಚಾಯತಿ ಅಲ್ಲಿಯವರೆಗೆ ಶಾಲೆಗೆ ಮಹಾ ಮಾಡಿತ್ತು ಎಂದೇನೂ ನಾನು ಹೇಳುವುದಿಲ್ಲ. ಆದರೂ ಕಾಂಪೌಂಡು ಬಿದ್ದರೆ, ನಲ್ಲಿ ಕೆಟ್ಟರೆ ಹೋಗಿ ಜಗಳವಾಡಲು ಊರೊಳಗೇ ಒಂದು ಕಚೇರಿ ಇತ್ತು.

ಮೇಷ್ಟ್ರುಗಳ ಮಟ್ಟಿಗೆ ನಗರದ ಗಡಿ ಬೇರೊಂದು ಅರ್ಥ ಕೊಡುತ್ತದೆ. ಅದೇ 2007ರಲ್ಲಿ ಶಿಕ್ಷಕರ ವರ್ಗಾವಣೆಯನ್ನು ಕಾಯ್ದೆಯ ಕಟ್ಟಿಗೆ ತಂದರು. ಶಾಲೆಗಳು ಎ, ಬಿ, ಸಿ ವಲಯಗಳಾದವು. ನಗರದ ಒಳಗಿನದು ಎ, ದೂರದ ಹಳ್ಳಿಯದು ಸಿ. ಸಿಯಲ್ಲಿ ದುಡಿದವರಿಗೆ ಎಗೆ ಬರುವ ಸರದಿ, ಎಯಲ್ಲಿ ಬಹುಕಾಲ ಕೂತವರಿಗೆ ಹೊರಗೆ ಹೋಗುವ ಭಯ. ‘ಎ ಝೋನ್ ಸಿಕ್ಕಿತಾ?’ ಎಂಬುದು ಸ್ಟಾಫ್ ರೂಮುಗಳ ಮಾತು. ನಗರದ ಗೆರೆ ಹೊರಕ್ಕೆ ಸರಿದಾಗ ಮೇಷ್ಟ್ರು ಕುರ್ಚಿಯಿಂದ ಏಳದೆಯೇ ವಲಯ ಬದಲಾಗುತ್ತದೆ, ಮನೆ ಬಾಡಿಗೆ ಭತ್ಯೆಯೂ ಬದಲಾಗುತ್ತದೆ. ನಗರ ವಿಸ್ತರಣೆಯ ಗೆಜೆಟ್ಟನ್ನು ಬಿಲ್ಡರುಗಳಷ್ಟೇ ಎಚ್ಚರದಿಂದ ಓದುವ ಇನ್ನೊಂದು ವರ್ಗವಿದ್ದರೆ ಅದು ಉಪಾಧ್ಯಾಯರದು.

ಹಾಗಿದ್ದರೆ ಪಾಲಿಕೆಗೆ ಶಾಲೆಗಳೇ ಇಲ್ಲವೆ? ಇವೆ. ಬಿಬಿಎಂಪಿ ಶಾಲೆ, ಕಾಲೇಜು ಎಂಬ ಫಲಕಗಳು ಕ್ಲೀವ್‌ಲ್ಯಾಂಡ್ ಟೌನ್, ಫ್ರೇಜರ್ ಟೌನ್, ಆಸ್ಟಿನ್ ಟೌನುಗಳಲ್ಲಿ, ಹಳೆಯ ಬಡಾವಣೆಗಳಲ್ಲಿ ಕಾಣುತ್ತವೆ. ಇವು ಬಹುಪಾಲು ಹಳೆಯ ಕಾರ್ಪೊರೇಷನ್ನಿನ ಗಡಿಯೊಳಗಿನವು. 2007ರಲ್ಲಿ ಹಿಗ್ಗಿದ ಪಾಲಿಕೆ ಹೊಸ ಪ್ರದೇಶಗಳ ಸರ್ಕಾರಿ ಶಾಲೆಗಳನ್ನು ತನ್ನ ಮಡಿಲಿಗೆ ತೆಗೆದುಕೊಳ್ಳಲಿಲ್ಲ. ಇಲಾಖೆ ಕೊಡಲೂ ಇಲ್ಲ. ಪಾಲಿಕೆಯ ಶಾಲೆಗಳಲ್ಲಿ ಕಾಯಂ ಶಿಕ್ಷಕರ ಕೊರತೆ, ಹೊರಗುತ್ತಿಗೆಯ ಶಿಕ್ಷಕರ ತಗಾದೆ ವರ್ಷವರ್ಷವೂ ಸುದ್ದಿ. ಅವನ್ನು ಇಲಾಖೆಗೇ ಒಪ್ಪಿಸಿಬಿಡೋಣ ಎಂಬ ಮಾತು ಆಗಾಗ ಏಳುತ್ತದೆ. ಕೇಳುವಾಗ ಸರಿ ಎನಿಸುತ್ತದೆ. ಆದರೆ ಕಟ್ಟಡ ಮತ್ತು ಜಾಗ ಪಾಲಿಕೆಯದು, ಬೆಂಗಳೂರಿನ ನಟ್ಟನಡುವಿನ ಜಾಗ. ಅದನ್ನು ಬಿಟ್ಟುಕೊಡುವ ಕಡತಕ್ಕೆ ಸಹಿ ಹಾಕಲು ಕೈ ನಡುಗದ ಅಧಿಕಾರಿ ಅಪರೂಪ.

ಗಡಿ ಕೂಡಿಸುವುದಕ್ಕಿಂತ ಶಾಲೆಯನ್ನೇ ಕೂಡಿಸುವುದು ಇತ್ತೀಚಿನ ರೂಢಿ. 2018ರ ಜುಲೈ ಬಜೆಟ್ಟಿನಲ್ಲಿ ಎಚ್.ಡಿ. ಕುಮಾರಸ್ವಾಮಿ, ಒಂದು ಕಿಲೋಮೀಟರ್ ಫಾಸಲೆಯೊಳಗಿನ 28,847 ಸರ್ಕಾರಿ ಶಾಲೆಗಳನ್ನು 8,530ಕ್ಕೆ ವಿಲೀನ ಮಾಡುವ ಮಾತಾಡಿದಾಗ ಸಾಹಿತಿಗಳು, ಕನ್ನಡ ಸಂಘಟನೆಗಳು ಎದ್ದು ನಿಂತರು. ವಿಲೀನ ಎಂದರೆ ಮುಚ್ಚುವುದಕ್ಕಿಟ್ಟ ಮರ್ಯಾದೆಯ ಹೆಸರು ಎಂದು ಹಳ್ಳಿಯವರು ಬಲ್ಲರು. ಒಂದರಿಂದ ಪಿಯುಸಿವರೆಗೆ ಒಂದೇ ಆವರಣದಲ್ಲಿ ನಡೆಸುವ ಕರ್ನಾಟಕ ಪಬ್ಲಿಕ್ ಸ್ಕೂಲುಗಳು ಬಂದ ಮೇಲೂ ಅದೇ ಅನುಮಾನ: ಆ ದೊಡ್ಡ ಶಾಲೆಗೆ ಸುತ್ತಲಿನ ಚಿಕ್ಕ ಶಾಲೆಗಳ ಮಕ್ಕಳನ್ನು ಎಳೆದರೆ ಚಿಕ್ಕದರ ಗತಿ ಏನು? ಎರಡು ಕಡೆಯ ವಾದದಲ್ಲೂ ಹುರುಳಿದೆ. ಹತ್ತು ಮಕ್ಕಳಿಗೆ ಒಬ್ಬರೇ ಮೇಷ್ಟ್ರು ಐದು ತರಗತಿ ನಡೆಸುವುದು ಶಾಲೆಯಲ್ಲ. ಕೂಲಿಗೆ ಹೋಗುವ ತಾಯಿ ಆರು ವರ್ಷದ ಮಗಳನ್ನು ಬಳ್ಳಾರಿ ರಸ್ತೆಯಂಥ ಹೆದ್ದಾರಿ ದಾಟಿಸಿ ಕಳಿಸುವುದೂ ಆಗದ ಮಾತು. ಹೆಬ್ಬಾಳದಲ್ಲಿ ಒಂದು ಕಿಲೋಮೀಟರ್ ಎಂಬುದನ್ನು ನಕ್ಷೆಯ ಮೇಲೆ ಅಳೆಯುವುದಕ್ಕೂ ಮೇಲ್ಸೇತುವೆಯ ಕೆಳಗೆ ನಿಂತು ಅಳೆಯುವುದಕ್ಕೂ ಅಜಗಜಾಂತರ.

ಬಿ.ಎಸ್. ಪಾಟೀಲ್ ಸಮಿತಿ ಹತ್ತು ವರ್ಷ ಮುಂಚೆಯೇ ಹೇಳಿದ್ದ ವಿಭಜನೆ 2025ರಲ್ಲಿ ಆಯಿತು. ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆಯ ಕೆಳಗೆ ಸೆಪ್ಟೆಂಬರ್ 2ರಂದು ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದವು. ಬೆಂಗಳೂರು ಉತ್ತರ ನಗರ ಪಾಲಿಕೆಯೊಳಗೆ ಯಲಹಂಕ, ಬ್ಯಾಟರಾಯನಪುರ, ಹೆಬ್ಬಾಳಗಳಿವೆ. ಪುಲಕೇಶಿನಗರ, ಸರ್ವಜ್ಞನಗರಗಳೂ ಇವೆ, ಅಂದರೆ ಹಳೆಯ ದಂಡಿನ ಉತ್ತರ ಭಾಗ. ರೈಸರ ಹೋಬಳಿ ಶಾಲೆಯ ಸೀಮೆ ಮತ್ತು ರೆಸಿಡೆಂಟರ ಸೀಮೆಯ ಈ ಭಾಗ ಒಂದೇ ಪಾಲಿಕೆಗೆ ಬಂದು, ಪೇಟೆ ಬೇರೆ ಕಡೆಗೆ ಹೋಯಿತು.

ಹೆಸರು ಒಂದೇ ಇದ್ದರೂ ಬೆಂಗಳೂರು ಉತ್ತರ ನಗರ ಪಾಲಿಕೆಯ ಗಡಿಗೂ ಬೆಂಗಳೂರು ಉತ್ತರ ಶೈಕ್ಷಣಿಕ ಜಿಲ್ಲೆಯ ಗಡಿಗೂ ತಾಳೆಯಿಲ್ಲ. ವಾರ್ಡುಗಳ ಗೆರೆ ಬದಲಾದರೆ ಖಾಸಗಿ ಶಾಲೆಯ ಆರ್‌ಟಿಇ ಸೀಟಿಗೆ ನೆರೆಹೊರೆ ಯಾವುದು ಎಂಬುದೂ ಬದಲಾಗುತ್ತದೆ. ಕ್ಲೀವ್‌ಲ್ಯಾಂಡ್ ಟೌನಿನ ಪಾಲಿಕೆ ಶಾಲೆಯಲ್ಲಿ ಮೇಷ್ಟ್ರು ಇಲ್ಲ ಎಂದರೆ ಪೋಷಕರು ಪಾಲಿಕೆಯ ಕಚೇರಿಗೆ ಹೋಗಬೇಕು. ಯಲಹಂಕದ ಸರ್ಕಾರಿ ಶಾಲೆಯಲ್ಲಿ ಮೇಷ್ಟ್ರು ಇಲ್ಲ ಎಂದು ಅದೇ ಪಾಲಿಕೆಯ ಕಚೇರಿಗೆ ಹೋದವರನ್ನು ಬಿಇಒ ಕಚೇರಿಗೆ ಕಳಿಸುತ್ತಾರೆ. ಶಾಲೆಯ ಮುಂದಿನ ಮೋರಿ ಉಕ್ಕಿದೆ ಎಂದು ಬಿಇಒ ಕಚೇರಿಗೆ ಹೋದವರನ್ನು ಪಾಲಿಕೆಗೆ ಕಳಿಸುತ್ತಾರೆ.